ಒಳಗೆ ಬಿಟ್ಟ ಬಟ್ಟೆ

ರಕ್ತದ ಗುಂಪು ಹೊಂದಿತು. ಆಮೇಲಿನ ಪರೀಕ್ಷೆಗಳೂ ಒಂದೊಂದಾಗಿ ಹೊಂದಿದವು. ಅಕ್ಕನ ಕಿಡ್ನಿ ತಂಗಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಡಾಕ್ಟರು ಹೇಳಿದಾಗ ಆ ಇಕ್ಕಟ್ಟಿನ ಕೋಣೆಯಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಡಾಕ್ಟರು ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನೊಂದು ವಿಷಯ ಇದೆ," ಎಂದರು. "ಕೊಡೋರ ತೂಕ."

ಕೊಡುವವಳು ಅಕ್ಕ, ಬೀದಿಯವರ ಬಾಯಲ್ಲಿ ಟೈಲರಮ್ಮ. ಪಡೆಯುವವಳು ತಂಗಿ, ಹುಟ್ಟಿದಾಗಿನಿಂದ ಕಡ್ಡಿ. ಎಲ್ಲರೂ ಟೈಲರಮ್ಮನ ಕಡೆ ತಿರುಗಿದರು. ಅವಳು ಕುರ್ಚಿಯ ತುದಿಗೆ ಸರಿದು ಕೂತಳು. ಆ ಕುರ್ಚಿಗೆ ಕೈಗಳಿದ್ದವು. ಕೈಗಳಿರುವ ಕುರ್ಚಿಯಲ್ಲಿ ಅವಳು ಯಾವಾಗಲೂ ತುದಿಯಲ್ಲೇ ಕೂರುತ್ತಿದ್ದಳು.

"ಈ ತೂಕದಲ್ಲಿ ಆಪರೇಷನ್ ಮಾಡಿದ್ರೆ ಇವರಿಗೇ ಅಪಾಯ," ಎಂದರು ಡಾಕ್ಟರು. "ಮುಂದೆ ಉಳಿಯೋ ಒಂದೇ ಕಿಡ್ನಿ ಮೇಲೂ ಹೊರೆ. ಇಲ್ಲಿವರೆಗೆ ಇಳಿಸಿ, ಆಮೇಲೆ ತಾರೀಖು ಕೊಡ್ತೀನಿ." ಮೇಜಿನ ಗಾಜಿನ ಕೆಳಗಿದ್ದ ಪಟ್ಟಿಯ ಒಂದು ಗೆರೆಯ ಮೇಲೆ ಪೆನ್ನಿನಿಂದ ತಟ್ಟಿದರು.

"ಅಷ್ಟೇನಾ!" ಎಂದ ಅಳಿಯ, ಎಂದರೆ ಕಡ್ಡಿಯ ಗಂಡ. ಅವನು ಲಿಫ್ಟ್ ಮೆಕ್ಯಾನಿಕ್. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು. "ನಾನು ಇನ್ನೇನೋ ಅಂತ ಹೆದರಿದ್ದೆ ಸಾರ್."

"ಬಾಯಿ ಕಟ್ಟಿದ್ರೆ ಆಯ್ತಪ್ಪ," ಎಂದಳು ಅಮ್ಮ. "ನಮ್ಮ ಕೈಯಲ್ಲಿರೋದೇ ತಾನೇ."

ಟೈಲರಮ್ಮ ತಲೆಯಾಡಿಸಿದಳು. ರಕ್ತ ಹೊಂದದಿದ್ದರೆ ಯಾರೂ ಅವಳನ್ನು ದೂರುತ್ತಿರಲಿಲ್ಲ. ತೂಕ ಮಾತ್ರ ಅವಳ ಕೈಯಲ್ಲಿದೆ ಎಂದು ಆ ಕೋಣೆಯಲ್ಲಿದ್ದ ಎಲ್ಲರೂ ನಂಬಿದರು. ಅವಳೂ ನಂಬಿದಳು, ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಅವಳ ಹೊಟ್ಟೆಯೊಳಗೆ ಮುದುರಿ ಕೂತು ಬೇರೆ ಏನನ್ನೋ ಹೇಳುತ್ತಿತ್ತು. ಅದು ಏನನ್ನುತ್ತಿದೆ ಎಂದು ಕೇಳುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ.

ಅಕ್ಕತಂಗಿಯರು ಬೆಳೆದದ್ದು ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡುಗೆ ಉಂಡು. ಅಮ್ಮ ಇಬ್ಬರಿಗೂ ಒಂದೇ ಅಳತೆಯ ಬಟ್ಟಲಲ್ಲಿ ಬಡಿಸುತ್ತಿದ್ದಳು. ಕಡ್ಡಿ ತನ್ನದನ್ನು ಗಬಗಬ ಮುಗಿಸಿ ಅಕ್ಕನ ಬಟ್ಟಲಿಗೂ ಕೈ ಹಾಕುತ್ತಿದ್ದಳು. ಮನೆಗೆ ಬಂದವರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, "ಏನೇ, ತಂಗಿ ಪಾಲನ್ನೂ ನೀನೇ ತಿಂತೀಯಾ?" ಎಂದು ದೊಡ್ಡವಳ ಕೆನ್ನೆ ಹಿಂಡುತ್ತಿದ್ದರು. ಕಡ್ಡಿ ಬಾಯಿ ತುಂಬ ಅಕ್ಕನ ತುತ್ತು ತುಂಬಿಕೊಂಡೇ ನಗುತ್ತಿದ್ದಳು. ಇಲ್ಲ ಎಂದು ಹೇಳಬೇಕೆಂದು ದೊಡ್ಡವಳಿಗೆ ಹೊಳೆಯುತ್ತಿರಲಿಲ್ಲ; ಅಷ್ಟು ಜನ ಹೇಳುವಾಗ ಇದ್ದರೂ ಇರಬಹುದು ಎನ್ನಿಸುತ್ತಿತ್ತು.

ಅವಳದು ಅಪ್ಪನ ತಾಯಿಯ ಮೈ. ಆ ಅಜ್ಜಿಯ ಮುಂಗೈ, ಅಜ್ಜಿಯ ಕಣಕಾಲು, ಅಜ್ಜಿ ನಡೆಯುವಾಗಿನ ಆ ತೂಗಾಟ, ಎಲ್ಲವೂ ಅಚ್ಚೊತ್ತಿದ ಹಾಗೆ ಬಂದಿದ್ದವು. "ನಂಗೆ ಗಾಳಿ ಕುಡಿದ್ರೂ ಮೈಗೆ ಹತ್ತುತ್ತೆ," ಎನ್ನುತ್ತಿದ್ದಳು ಅಜ್ಜಿ. ಅಮ್ಮ ಒಳಗಿನಿಂದಲೇ, "ಹೌದೌದು, ಬೆಣ್ಣೆ ಹಚ್ಚಿದ ಗಾಳಿ," ಎಂದು ಗೊಣಗುತ್ತಿದ್ದಳು. ಅಮ್ಮನ ಕಡೆಯವರೆಲ್ಲ ಬಿದಿರಿನ ಗಳದಂತೆ ಸಪೂರ. ಕಡ್ಡಿ ಆ ಕಡೆಗೆ ಬಿದ್ದಿದ್ದಳು.

ಅಪ್ಪನಿಂದ ಅವಳಿಗೆ ಮೈಯ ಜೊತೆ ಅಂಗಡಿಯೂ ಬಂತು. ಎರಡು ಹೊಲಿಗೆ ಯಂತ್ರ, ಎತ್ತರದ ಕತ್ತರಿಸುವ ಮೇಜು, ಇಸ್ತ್ರಿ ಹಲಗೆ, ಗೋಡೆಗೆ ಆನಿಸಿದ ಉದ್ದ ಕನ್ನಡಿ. ಕಾಜಾ ತೆಗೆದು ಗುಂಡಿ ಹಾಕುವುದಕ್ಕೆ ಇನ್ನೊಬ್ಬಳಿದ್ದಳು. ಶಾಲೆಗಳ, ಕಾರ್ಖಾನೆಗಳ ಯೂನಿಫಾರ್ಮುಗಳೇ ಹೆಚ್ಚು. ಟೈಲರಮ್ಮ ಬೆಳಿಗ್ಗೆ ಯಂತ್ರದ ಮುಂದೆ ಕೂತರೆ ಏಳುವುದು ಸಂಜೆಗೆ. ಕೈ ಓಡುತ್ತಿತ್ತು, ಪಾದ ಪೆಡಲನ್ನು ಒತ್ತುತ್ತಿತ್ತು, ಉಳಿದ ಮೈ ಇದ್ದಲ್ಲೇ ಇರುತ್ತಿತ್ತು. ಊಟದ ಹೊತ್ತಿಗೆ ಗಿರಾಕಿ, ಗಿರಾಕಿ ಹೋದ ಮೇಲೆ ಊಟ.

ಅಪ್ಪ ಕಲಿಸಿದ ಒಂದು ಕ್ರಮವನ್ನು ಅವಳು ಎಂದೂ ಬಿಟ್ಟವಳಲ್ಲ. ದೊಡ್ಡವರ ಬಟ್ಟೆ ಹೊಲಿಯುವಾಗ ಪಕ್ಕದ ಹೊಲಿಗೆಯ ಒಳಗೆ ಮೂರು ಬೆರಳು ಬಟ್ಟೆ ಬಿಡಬೇಕು. ಬಿಗಿ ಮಾಡಿಕೊಡು ಎಂದು ತಂದರೆ ಬಿಗಿ ಮಾಡು, ಆದರೆ ಒಳಗಿನ ಬಟ್ಟೆಗೆ ಕತ್ತರಿ ಹಾಕಬೇಡ. "ಇವತ್ತಿದ್ದ ಮೈ ನಾಳೆ ಇರುತ್ತೆ ಅಂತ ಯಾರು ಬರ್ಕೊಟ್ಟಿದ್ದಾರೆ?" ಎನ್ನುತ್ತಿದ್ದ ಅಪ್ಪ. ಅದಕ್ಕೆ ಅಂಗಡಿಯಲ್ಲಿ ಮಾರ್ಜಿನ್ ಎನ್ನುತ್ತಿದ್ದರು. ಅಪ್ಪ ತೀರಿಕೊಳ್ಳುವ ಹಿಂದಿನ ಚಳಿಗಾಲದಲ್ಲಿ ಒಂದೇ ಥಾನಿನ ನೀಲಿ ದಪ್ಪ ಬಟ್ಟೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿಗೂ ಕೋಟು ಹೊಲಿದಿದ್ದ. ಎರಡರ ಒಳಗೂ ಮಾರ್ಜಿನ್ ಬಿಟ್ಟಿದ್ದ. ಕಡ್ಡಿ ಕೋಟು ತೊಟ್ಟ ವಾರದಲ್ಲೇ ಅಂಗಡಿಗೆ ಬಂದು, "ಇದು ಪಕ್ಕೆಗೆ ಚುಚ್ಚುತ್ತೆ ಅಕ್ಕಾ, ಕತ್ತರಿಸಿ ಬಿಸಾಕು. ನಂಗ್ಯಾಕೆ ಮಾರ್ಜಿನ್ನು? ನಾನೇನು ಉಬ್ಬೋಳಾ?" ಎಂದಿದ್ದಳು. ಆ ಒಂದು ಸಲ ಮಾತ್ರ ಟೈಲರಮ್ಮ ಕತ್ತರಿ ಹಾಕಿದ್ದಳು. ಕಡ್ಡಿ ಉಬ್ಬುವವಳಲ್ಲ ಎನ್ನುವುದು ಸೂರ್ಯ ಮೂಡುವಷ್ಟೇ ಖಚಿತವಾಗಿತ್ತು.

ಈಗ ತೂಕ ಇಳಿಸುವ ಕೆಲಸ ಶುರುವಾಯಿತು. ಆಸ್ಪತ್ರೆಯಲ್ಲಿ ಊಟದ ಬಗ್ಗೆ ಹೇಳಿಕೊಡುವ ಹುಡುಗಿಯೊಬ್ಬಳಿದ್ದಳು, ಎಲ್ಲರೂ ಅವಳನ್ನು ಡಯಟ್ ಮೇಡಂ ಎನ್ನುತ್ತಿದ್ದರು. ಅವಳು ಹೇಳಿದ್ದನ್ನು ಟೈಲರಮ್ಮ ಕತ್ತರಿಸುವ ಮೇಜಿನ ಮೇಲಿನ ಅಳತೆಯಂತೆ ಪಾಲಿಸಿದಳು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ನಡಿಗೆ. ಬೇಯಿಸಿದ ತರಕಾರಿ, ಮೊಟ್ಟೆಯ ಬಿಳಿ, ಸೌತೆಕಾಯಿ. ಚಹಾಕ್ಕೆ ಸಕ್ಕರೆ ಇಲ್ಲ. ಪಕ್ಕದ ಬೇಕರಿಯಲ್ಲಿ ಬನ್ನು ಒಲೆಯಿಂದ ಇಳಿಯುವ ಹೊತ್ತಿಗೆ ಕಿಟಕಿ ಮುಚ್ಚುವುದು.

"ಕಿಟಕಿ ಮುಚ್ಚಿದ್ರೆ ನಂಗೆ ಸೆಕೆ," ಎಂದಳು ಕಾಜಾದವಳು.

"ತೆಗೆದ್ರೆ ನಂಗೆ ನರಕ," ಎಂದಳು ಟೈಲರಮ್ಮ.

ಮೊದಮೊದಲು ತೂಕ ಸರಸರನೆ ಇಳಿಯಿತು. ಬೀದಿಯವರು ಅಂಗಡಿಯ ಮುಂದೆ ನಿಂತು ಹೊಗಳಿದರು. ಅಳಿಯ ಆಸ್ಪತ್ರೆಯ ತೂಕದ ಯಂತ್ರದ ಪಕ್ಕ ನಿಂತು ಮುಳ್ಳು ನೋಡಿ, ತಾನೇ ಲಿಫ್ಟ್ ರಿಪೇರಿ ಮಾಡಿದ ಹಾಗೆ ಬೀಗಿದ. ಟೈಲರಮ್ಮ ತನ್ನ ಬಟ್ಟೆಗಳನ್ನೆಲ್ಲ ಬಿಗಿ ಮಾಡಿಕೊಂಡಳು. ನೀಲಿ ಕೋಟನ್ನೂ. ಈ ಹೊಗಳಿಕೆ ಅವಳಿಗೆ ಹೊಸದಲ್ಲ. ಹಿಂದೆ ಎರಡು ಸಲ ಹೀಗೇ ಇಳಿದಿದ್ದಳು. ಇಳಿಯುವಾಗ ಬಾಯಿಬಿಟ್ಟು ಹೊಗಳಿದವರು ಏರುವಾಗ ಕಣ್ಣಲ್ಲೇ ಮಾತಾಡಿದ್ದರು. ಹಾಗಾಗಿ ಅವಳು ಈ ಸಲ ಹಿಗ್ಗಲಿಲ್ಲ, ತಲೆ ತಗ್ಗಿಸಿ ಹೊಲಿದಳು.

ಆಮೇಲೆ ಮುಳ್ಳು ನಿಂತಿತು. ಅದೇ ಸೌತೆಕಾಯಿ, ಅದೇ ನಡಿಗೆ. ವಾರ ಕಳೆಯಿತು, ತಿಂಗಳು ಕಳೆಯಿತು, ಮುಳ್ಳು ಅಲ್ಲೇ. ಡಾಕ್ಟರು ತೋರಿಸಿದ ಗೆರೆ ಇನ್ನೂ ಕೆಳಗಿತ್ತು. ಅವಳು ಊಟ ಇನ್ನಷ್ಟು ಕಡಿಮೆ ಮಾಡಿದಳು. ಕೈ ತಣ್ಣಗಾಗತೊಡಗಿತು. ಸೂಜಿಗೆ ದಾರ ಪೋಣಿಸಲು ಮೂರು ಮೂರು ಸಲ ಬೇಕಾಯಿತು. ಹಸಿವು ಎಂದರೆ ಹೊಟ್ಟೆಯಲ್ಲಿರುವ ವಸ್ತು ಎಂದು ಅವಳು ಅಲ್ಲಿಯವರೆಗೆ ತಿಳಿದಿದ್ದಳು. ಈಗ ಅದು ತಲೆಯಲ್ಲಿತ್ತು. ಗಿರಾಕಿಯ ಎದೆಯ ಸುತ್ತ ಟೇಪು ಹಿಡಿದು ಅಳತೆ ಓದುವಾಗಲೂ ಒಳಗೆ ಯಾರೋ ಬನ್ನಿನ ಬಗ್ಗೆ ಮಾತಾಡುತ್ತಿದ್ದರು. ಹೀಗೆ ಇಡೀ ದಿನ ಆ ಮಾತು ಕೇಳಿಸಿಕೊಂಡು, ಅದಕ್ಕೆ ಉತ್ತರ ಕೊಡದೆ, ಮುಖದಲ್ಲಿ ಏನನ್ನೂ ತೋರಿಸದೆ ಇರುವುದು ಒಂದು ಕೆಲಸವೆಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಅಳಿಯ ಲೆಕ್ಕದ ಮನುಷ್ಯ. ಕೆಟ್ಟವನಲ್ಲ. ಹೆಂಡತಿಯನ್ನು ವಾರವಾರ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ಬಂದು, ಮಧ್ಯೆ ಯಾರದೋ ಕಟ್ಟಡದ ಲಿಫ್ಟಿನ ಮೇಲೆ ಹತ್ತಿ ಗ್ರೀಸು ಬಳಿದು, ಸೊರಗಿ ಹೋಗಿದ್ದ. ತನ್ನ ಕಿಡ್ನಿಯೇ ಕೊಡುತ್ತೇನೆಂದು ಮೊದಲು ಹೊರಟವನೂ ಅವನೇ, ಅವನದು ಹೊಂದಲಿಲ್ಲ. ಯಂತ್ರ ಹೇಳಿದ ಹಾಗೆ ಕೇಳುತ್ತಿಲ್ಲ ಎಂದರೆ ಎಲ್ಲೋ ಏನೋ ಸಿಕ್ಕಿಕೊಂಡಿದೆ, ಹುಡುಕಬೇಕು ಎಂಬುದು ಅವನ ವೃತ್ತಿಯ ಬುದ್ಧಿ. ಅವನು ಹೊತ್ತಲ್ಲದ ಹೊತ್ತಿನಲ್ಲಿ ಅಂಗಡಿಗೆ ಬರತೊಡಗಿದ. "ಈ ಕಡೆ ಕೆಲಸ ಇತ್ತು," ಎನ್ನುತ್ತಿದ್ದ. ಮಾತಾಡುತ್ತ ಅವನ ಕಣ್ಣು ಊಟದ ಡಬ್ಬಿಯ ಮೇಲೆ, ಕಸದ ಬುಟ್ಟಿಯ ಮೇಲೆ, ಯಂತ್ರದ ಡ್ರಾಯರಿನ ಮೇಲೆ ಹಾಯುತ್ತಿತ್ತು.

ಅವನು ಹೋದ ಮೇಲೆ ಕಾಜಾದವಳು ದಾರ ಹಲ್ಲಲ್ಲಿ ಕಡಿದು, "ಡ್ರಾಯರಲ್ಲಿ ದಾರದ ಬಾಬಿನ್ ಇದೆ, ನೀವು ಅದನ್ನೇ ನುಂಗ್ತೀರ ಅಂದ್ಕೊಂಡ್ರೋ ಏನೋ," ಎಂದಳು.

"ಸುಮ್ನಿರು."

"ನಾನು ಸುಮ್ನೆ ಇರ್ತೀನಿ. ನಾನು ದಿನಾ ಎರಡು ಬನ್ನು ತಿಂತೀನಿ, ನನ್ನ ಹತ್ರ ಯಾರೂ ಲೆಕ್ಕ ಕೇಳಲ್ಲ. ಅದಕ್ಕೆ ಸುಮ್ನೆ ಇರ್ತೀನಿ."

ಒಂದು ದಿನ ಅವನು ಕೇಳಿಯೇ ಬಿಟ್ಟ. "ಅಕ್ಕಾ, ತಪ್ಪು ತಿಳ್ಕೋಬೇಡಿ. ಒಳಗೆ ಹೋಗೋದು ಕಡಿಮೆ ಆದ್ರೆ ತೂಕ ಇಳೀಲೇಬೇಕು. ಅದು ಲೆಕ್ಕ. ಇಳೀತಿಲ್ಲ ಅಂದ್ರೆ..."

"ಅಂದ್ರೆ?"

"ನಿಮಗೆ ಮನಸ್ಸಿಲ್ಲದಿದ್ರೆ ಹೇಳಿಬಿಡಿ. ಭಯ ಯಾರಿಗಿಲ್ಲ? ಬೇರೆ ದಾರಿ ನೋಡ್ತೀವಿ. ಅವಳಿಗೆ ಕಾಯೋಕೆ ಟೈಮಿಲ್ಲ."

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟಳು. "ನಾನು ಹೇಳಿದ್ದು ಒಂದು, ಮಾಡೋದು ಒಂದು ಅಂತೀರಾ?"

"ಹಾಗಲ್ಲ ಅಕ್ಕಾ," ಎಂದ ಅವನು. ಅವನ ಕಣ್ಣು ಮತ್ತೆ ಊಟದ ಡಬ್ಬಿಯ ಮೇಲೆ ಹಾಯಿತು.

ಚಳಿ ಶುರುವಾಗುವ ಮುಂಚೆ ಅಮ್ಮ ಕೋಟುಗಳನ್ನು ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕುವುದು ಪ್ರತಿ ವರ್ಷದ ರೂಢಿ. ಆ ಭಾನುವಾರ ಕಡ್ಡಿಯೂ ಅಳಿಯನೂ ಊಟಕ್ಕೆ ಬಂದಿದ್ದರು. ಟೈಲರಮ್ಮ ತನ್ನ ತಟ್ಟೆಯಲ್ಲಿದ್ದ ಬೇಯಿಸಿದ ಹೂಕೋಸಿನ ಮುಂದೆ ಕೂತಿದ್ದಳು. ಅಮ್ಮ ಮಹಡಿಯಿಂದ ಅವಳ ನೀಲಿ ಕೋಟನ್ನು ತೋಳ ಮೇಲೆ ಹಾಕಿಕೊಂಡು ಇಳಿದು ಬಂದವಳು ಅದನ್ನು ಊಟದ ಮೇಜಿನ ಮೇಲೆಯೇ ಹರಡಿದಳು.

"ಇದೇನೇ ಇದು?"

ಪಕ್ಕದ ಹೊಲಿಗೆಯೊಳಗೆ, ಹಳೆಯ ಮೂರು ಬೆರಳಿನ ಜೊತೆ ಈಗ ಬಿಗಿ ಮಾಡಿದ್ದೂ ಸೇರಿ, ಅಂಗೈ ಅಗಲದ ಬಟ್ಟೆ ನೀಟಾಗಿ ಮಡಚಿ ಕೂತಿತ್ತು.

"ಮಾರ್ಜಿನ್ನು," ಎಂದಳು ಟೈಲರಮ್ಮ.

"ಅದು ನಂಗೆ ಗೊತ್ತಿಲ್ವಾ? ಟೈಲರ್ ಹೆಂಡ್ತಿ ಕಣೇ ನಾನು. ಇಷ್ಟು ಬಟ್ಟೆ ಯಾರಿಗೆ ಅಂತ ಇಟ್ಕೊಂಡಿದ್ದೀಯ? ಮತ್ತೆ ದಪ್ಪ ಆಗ್ತೀನಿ ಅಂತ ಮೊದಲೇ ನಿರ್ಧಾರ ಮಾಡ್ಕೊಂಡು ಕೂತಿದ್ದೀಯ. ಮನಸ್ಸಿನೊಳಗೇ ಇಲ್ಲದ ಮೇಲೆ ಮೈಯೇನು ಇಳಿಯುತ್ತೆ?"

ಅಳಿಯ ಕೋಟನ್ನೂ ಅತ್ತೆಯನ್ನೂ ನೋಡಿದ. ಅವನಿಗೆ ಹೊಲಿಗೆ ಗೊತ್ತಿಲ್ಲ. ಆದರೆ ಹುಡುಕುತ್ತಿದ್ದ ಸಿಕ್ಕು ಸಿಕ್ಕಿತು ಎಂಬಂತೆ ತುತ್ತನ್ನು ತಟ್ಟೆಗಿಟ್ಟು, ಕೈ ತೊಳೆಯಲು ಎದ್ದು ಹೋದ.

ಟೈಲರಮ್ಮನಿಗೆ ಹೇಳಬೇಕಾದ ಮಾತು ಬಾಯಿ ತನಕ ಬಂದಿತ್ತು. ಯಾರ ಬಟ್ಟೆಗೂ ನಾನು ಹೀಗೇ ಮಾಡುತ್ತೇನೆ, ಅಪ್ಪ ಕಲಿಸಿದ್ದೇ ಹೀಗೆ, ಬಿಗಿ ಮಾಡುವಾಗ ಕೈ ತಾನಾಗಿ ಮಡಚುತ್ತದೆ. ಎಲ್ಲ ನಿಜವೇ. ಆದರೂ ಅವಳು ಹೇಳಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅವಳಿಗೇ ಅನುಮಾನ ಬಂದಿತ್ತು. ಆಪರೇಷನ್ ಎಂದರೆ ಅವಳಿಗೆ ಜೀವ ಬಾಯಿಗೆ ಬರುವಷ್ಟು ಭಯ. ಅದನ್ನು ಯಾರಿಗೂ ಹೇಳಿರಲಿಲ್ಲ. ಬಾಯಿ ಹೇಳದಿದ್ದನ್ನು ಮೈ ಹೇಳುತ್ತಿರಬಹುದೇ? ತೂಕದ ಮುಳ್ಳನ್ನು ತಾನೇ ಒಳಗಿನಿಂದ ಹಿಡಿದು ನಿಲ್ಲಿಸಿರಬಹುದೇ? ಜನ್ಮವಿಡೀ ತನ್ನ ಹಸಿವಿನ ಬಗ್ಗೆ ಬೇರೆಯವರು ಹೇಳಿದ್ದನ್ನೇ ನಂಬಿಕೊಂಡು ಬಂದವಳಿಗೆ ಇದನ್ನೂ ನಂಬುವುದು ಕಷ್ಟವಾಗಲಿಲ್ಲ.

ಕಡ್ಡಿ ಅಕ್ಕನ ಮುಂದಿದ್ದ ನೀರಿನ ಲೋಟವನ್ನು ನೋಡುತ್ತಿದ್ದಳು.

ಮುಂದಿನ ಡಯಾಲಿಸಿಸ್‌ಗೆ ಅಳಿಯನಿಗೆ ಬಿಡುವಾಗದೆ ಟೈಲರಮ್ಮನೇ ಜೊತೆಗೆ ಹೋದಳು. ಉದ್ದ ಕೋಣೆ, ಸಾಲು ಹಾಸಿಗೆಗಳು, ಪ್ರತಿ ಹಾಸಿಗೆಯ ಪಕ್ಕ ಗುಂಯ್‌ಗುಡುವ ಯಂತ್ರ. ಬಾಗಿಲಲ್ಲೇ ತೂಕದ ಯಂತ್ರವಿತ್ತು. ಅಭ್ಯಾಸಬಲದಿಂದ ಟೈಲರಮ್ಮ ಹಿಂದೆ ಸರಿದಳು. ಆದರೆ ಇಲ್ಲಿ ಅದರ ಮೇಲೆ ನಿಲ್ಲಬೇಕಾದವಳು ಕಡ್ಡಿ.

ಸಿಸ್ಟರ್ ಅಂಕಿ ನೋಡಿ ಹುಬ್ಬು ಗಂಟಿಕ್ಕಿದಳು. "ಮತ್ತೆ ಜಾಸ್ತಿ! ಎಷ್ಟು ನೀರು ಕುಡಿದ್ರಿ?"

"ನೀವು ಹೇಳಿದಷ್ಟೇ ಸಿಸ್ಟರ್."

"ಹೇಳಿದಷ್ಟೇ ಕುಡಿದಿದ್ರೆ ತೂಕ ಇಷ್ಟು ಏರಲ್ಲಮ್ಮ. ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತೆ, ಯಂತ್ರ ಸುಳ್ಳು ಹೇಳುತ್ತಾ? ಬಾಯಿ ಸ್ವಲ್ಪ ಕಟ್ಟಬೇಕು. ನಿಮ್ಮ ಒಳ್ಳೇದಕ್ಕೆ ಹೇಳೋದು."

ಕಡ್ಡಿ ಕೆನ್ನೆ ಕೆಂಪಾಗಿ ಯಂತ್ರದಿಂದ ಇಳಿದಳು. ಆ ಇಳಿಯುವಿಕೆ ಟೈಲರಮ್ಮನಿಗೆ ಗೊತ್ತಿತ್ತು: ಪಾದ ಸದ್ದು ಮಾಡದೆ, ಯಾರ ಮುಖವನ್ನೂ ನೋಡದೆ, ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿ. ತಂಗಿ ಹಾಗೆ ಬಗ್ಗಿದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಸೂಜಿಗಳು ಚುಚ್ಚಿ, ನಳಿಗೆಗಳಲ್ಲಿ ರಕ್ತ ಹರಿಯಲು ಶುರುವಾದ ಮೇಲೆ ಕಡ್ಡಿ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಸ್ನಾನ ಮಾಡುವಾಗ ಬಾಯಿ ತೆರೀತೀನಿ ಅಕ್ಕಾ. ಶವರ್ ಕೆಳಗೆ. ನಮ್ಮನೆಯವರಿಗೆ ಗೊತ್ತಿಲ್ಲ."

"ಹೂಂ."

"ಹೂವಿನಂಗಡಿ ಕೆಲಸಾನ ಸುಸ್ತು ಅಂತ ಬಿಟ್ಟೆ ಅಂದ್ಕೊಂಡಿದ್ದೀರ ಎಲ್ಲ. ಸುಸ್ತಲ್ಲ. ಬಕೆಟ್ಟಲ್ಲಿ ಹೂವೆಲ್ಲ ಕುತ್ತಿಗೆವರೆಗೂ ನೀರಲ್ಲಿ ನಿಂತಿರ್ತಾವೆ. ನಾನು ಅವಕ್ಕೆ ನೀರು ಚಿಮುಕಿಸ್ತಾ ನಿಂತಿರ್ಬೇಕು. ಒಂದಿನ ಗಿರಾಕಿ ಮುಂದೇನೇ ಆ ಬಕೆಟ್ಟಿಗೆ ಬಗ್ಗಿಬಿಡ್ತೀನೇನೋ ಅನ್ಸಿತು."

ಟೈಲರಮ್ಮ ತಂಗಿಯ ಹೊದಿಕೆಯನ್ನು ಸರಿ ಮಾಡಿದಳು.

"ಕುಡಿದ್ರೆ ಸಾಯ್ತೀನಿ ಅಂತ ಗೊತ್ತು. ಅದು ನನ್ನ ತಲೆಗೆ ಗೊತ್ತು. ಬಾಯಿಗೆ ಯಾರು ಹೇಳ್ಬೇಕು? ನಮ್ಮನೆಯವರು ದಿನಾ ಹೇಳ್ತಾರೆ, ಮನಸ್ಸು ಗಟ್ಟಿ ಮಾಡ್ಕೋ, ಅಷ್ಟೇ ಅಂತ. ಅಷ್ಟೇ ಅಂದಾಗೆಲ್ಲ ನಂಗೆ ನಿನ್ನ ನೆನಪಾಗುತ್ತೆ." ಆಮೇಲೆ ಕೇಳಿದಳು, "ನಿಂಗೂ ಹೀಗೇನಾ?"

"ಯಾವುದು?"

"ಹಸಿವು. ಅದೂ ಹೀಗೇ ಮಾತಾಡುತ್ತಾ?"

"ಹೀಗೇ," ಎಂದಳು ಟೈಲರಮ್ಮ. "ಬನ್ನಿನ ಬಗ್ಗೆ."

ಕಡ್ಡಿ ನಕ್ಕಳು. ನಗುವಾಗ ಕೈ ಅಲುಗಿ ಯಂತ್ರ ಕೂಗಿಕೊಂಡಿತು, ಸಿಸ್ಟರ್ ಬಂದು ಇಬ್ಬರನ್ನೂ ಗದರಿದಳು. ಸಿಸ್ಟರ್ ಹೋದ ಮೇಲೆ ಕಡ್ಡಿ ಪಿಸುಗುಟ್ಟಿದಳು. "ಅಮ್ಮ ಹೇಳಿದ್ಳು ಅಂತ ಆ ಮಾರ್ಜಿನ್ ಕತ್ತರಿಸಿಬಿಟ್ಟೀಯ ಮತ್ತೆ. ಕಿಡ್ನಿ ಕೊಟ್ಟ ಮೇಲೆ ನೀನು ಪುನಃ ಊದ್ಕೋತೀಯ. ಆಗ ಏನು ಹಾಕ್ಕೋತೀಯ, ನನ್ನ ಬೆಡ್‌ಶೀಟಾ?"

"ನಂಗೆ ಭಯ ಆಗುತ್ತೆ ಕಣೇ," ಎಂದಳು ಟೈಲರಮ್ಮ. ಅವಳು ಇದನ್ನು ಹೇಳಬೇಕೆಂದು ಹೊರಟಿರಲಿಲ್ಲ.

"ನಂಗೆ ಗೊತ್ತು. ಚಿಕ್ಕವಳಿದ್ದಾಗ ನೀನು ಇಂಜೆಕ್ಷನ್ ಅಂದ್ರೆ ಮಂಚದ ಕೆಳಗೆ ಹೋಗ್ತಿದ್ದೆ. ಎಳೆಯೋಕೆ ಇಬ್ಬರು ಬೇಕಾಗ್ತಿತ್ತು." ಕಡ್ಡಿ ಕಣ್ಣು ತೆರೆದಳು. "ಭಯ ಇದ್ರೂ ಬರ್ತೀಯ. ಆಗಲೂ ಬರ್ತಿದ್ದೆ, ಸ್ವಲ್ಪ ಲೇಟಾಗಿ."

ಅದೇ ದಿನ ತಂಗಿಯ ಯಂತ್ರ ನಿಲ್ಲುವವರೆಗೆ ಬಿಡುವಿದ್ದುದರಿಂದ ಟೈಲರಮ್ಮ ಡಯಟ್ ಮೇಡಂ ಕೋಣೆಗೆ ಹೋಗಿ ಕೂತಳು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದಳು. ಹುಡುಗಿ ಬೈಯಲಿಲ್ಲ. "ತೂಕ ಇಳೀತಿದ್ದ ಹಾಗೆ ಮೈಗೆ ಬರಗಾಲ ಬಂತು ಅನ್ಸುತ್ತೆ," ಎಂದಳು. "ಖರ್ಚು ಕಡಿಮೆ ಮಾಡುತ್ತೆ, ಹಸಿವು ಜಾಸ್ತಿ ಮಾಡುತ್ತೆ. ಎಲ್ಲರ ಮೈಯೂ ಹಾಗೇ, ಆದ್ರೆ ಕೆಲವರದು ತುಂಬಾ ಹಟಮಾರಿ. ಮನೇಲಿ ಯಾರಾದ್ರೂ ದಪ್ಪ ಇದ್ರಾ?"

"ಅಜ್ಜಿ."

"ಅಜ್ಜಿ ಮೈ ಬಂದಿದೆ. ಅದನ್ನ ನೀವು ಕೇಳಿ ಪಡೆದಿದ್ದಲ್ಲ. ಕೂತು ಮಾಡೋ ಕೆಲಸ ಬೇರೆ. ನಿದ್ದೆ?"

"ಯೂನಿಫಾರ್ಮ್ ಸೀಸನ್ನಲ್ಲಿ ಎಲ್ಲಿಯ ನಿದ್ದೆ."

"ಮಾತ್ರೆ ಏನಾದ್ರೂ ತಗೋತೀರಾ? ನಾನು ಮೊದಲೇ ಕೇಳ್ಬೇಕಿತ್ತು."

"ಏನಿಲ್ಲ. ಅರೆತಲೆನೋವಿಗೆ ಒಂದು. ಅದು ಹಳೇದು, ವರ್ಷಗಟ್ಟಲೆಯಿಂದ ತಗೋತಿದ್ದೀನಿ."

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಮಾತ್ರೆಯ ಹೆಸರು ಕೇಳಿಕೊಂಡಳು. ಕೆಲವರಲ್ಲಿ ಆ ಮಾತ್ರೆಯಿಂದ ಹಸಿವು ಏರುತ್ತದೆ, ಮೈ ಬರುತ್ತದೆ ಎಂದು ಹೇಳಿ, ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ಟೈಲರಮ್ಮ ಗೋಡೆಯ ಮೇಲಿನ ಹಣ್ಣುಗಳ ಚಿತ್ರ ನೋಡುತ್ತ ಕೂತಳು. ಈ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಏನು ತಿಂದೆ ಎಂದು ಎಲ್ಲರೂ ಕೇಳಿದ್ದರು.

ಡಾಕ್ಟರು ಮಾತ್ರೆ ಬದಲಿಸಿದರು. ತಲೆನೋವು ಮರಳಿತು, ಕೆಲವು ದಿನ ಅವಳು ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಂಗಡಿಯ ಮೂಲೆಯಲ್ಲಿ ಕೂತಳು. ಯಂತ್ರವನ್ನು ಕಾಜಾದವಳಿಗೆ ಬಿಟ್ಟು, ತಾನು ನಿಂತು ಮಾಡುವ ಕತ್ತರಿಸುವ ಕೆಲಸ ಹಿಡಿದಳು. ಕಾಜಾದವಳು ಹೊಲಿದ ಕಾಲರುಗಳು ಮೊದಮೊದಲು ನಾಯಿಕಿವಿಯಂತೆ ಬಂದವು. ಒಂದು ದೊಡ್ಡ ಕಾರ್ಖಾನೆಯ ಕೆಲಸವನ್ನು ಟೈಲರಮ್ಮ ಬೇಡ ಎಂದಳು, ಹೊತ್ತಿಗೆ ಸರಿಯಾಗಿ ಮಲಗಿದಳು. ಸೌತೆಕಾಯಿ ಅದೇ, ನಡಿಗೆ ಅದೇ. ಮುಳ್ಳು ಅಲುಗಿತು. ಓಡಲಿಲ್ಲ, ಹಳೆಯ ಬೀಗ ತಿರುಗಿದಂತೆ ಕರಕರ ಎನ್ನುತ್ತ ಇಳಿಯಿತು. ಈ ನಡುವೆ ಕಡ್ಡಿ ಒಮ್ಮೆ ಉಸಿರು ಕಟ್ಟಿ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಆಗ ಅಳಿಯ ಫೋನಿನಲ್ಲಿ ಬರೀ "ಅಕ್ಕಾ" ಎಂದ. ಅವಳೂ "ಗೊತ್ತು" ಎಂದಷ್ಟೇ ಹೇಳಿ ಇಟ್ಟಳು.

ಕೊನೆಗೊಂದು ಬೆಳಿಗ್ಗೆ ಅವಳು ಗೆರೆಯ ಕೆಳಗೆ ಬಂದಳು. ಕೂದಲೆಳೆಯಷ್ಟು ಕೆಳಗೆ. ಡಾಕ್ಟರು ಎರಡು ಸಲ ತೂಗಿಸಿ ತಾರೀಖು ಕೊಟ್ಟರು.

ಹೊರಗೆ ಕಾರಿಡಾರಿನಲ್ಲಿ ಅಳಿಯನ ಕಣ್ಣು ತುಂಬಿತ್ತು. ಅವಳ ಎರಡೂ ಕೈ ಹಿಡಿದುಕೊಂಡು, "ನೋಡಿದ್ರಾ ಅಕ್ಕಾ," ಎಂದ. "ಮನಸ್ಸು ಮಾಡಿದ್ರೆ ಆಗೇ ಆಗುತ್ತೆ ಅಂತ ನಾನು ಅವತ್ತೇ ಹೇಳ್ಲಿಲ್ವಾ?"

ಟೈಲರಮ್ಮ ನೋಡಿದಳು, ಅವನ ಅಂಗಿಯ ಹೆಗಲ ಹೊಲಿಗೆ ಬಿಟ್ಟಿತ್ತು. "ಹೇಳಿದ್ರಿ," ಎಂದಳು.

ಆಪರೇಷನ್ ಆಯಿತು. ಹೋಗುವ ಬೆಳಿಗ್ಗೆ ಅವಳು ಮಂಚದ ಕೆಳಗೇನೂ ಹೋಗಲಿಲ್ಲ, ಆದರೆ ಬಚ್ಚಲಿನ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂತಳು. ಅಮ್ಮ ಬಾಗಿಲು ಬಡಿಯಲಿಲ್ಲ. ಹೊರಗೆ ಟವೆಲ್ ಹಿಡಿದು ನಿಂತಿದ್ದಳು. ಕಿಡ್ನಿ ತಂಗಿಯ ಮೈಯಲ್ಲಿ ಮೊದಲ ದಿನದಿಂದಲೇ ಕೆಲಸ ಹಿಡಿಯಿತು. ಎಚ್ಚರವಾಗಿ, ಒಪ್ಪಿಗೆ ಸಿಕ್ಕ ಮೇಲೆ, ಕಡ್ಡಿ ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಪೂರ್ತಿ ಕುಡಿದಳಂತೆ. ಸಿಸ್ಟರ್ ಮುಖ ತಿರುಗಿಸಿಕೊಂಡಳಂತೆ.

ಮರುವರ್ಷದ ಚಳಿ ಬಂತು. ಕಡ್ಡಿ ತನ್ನ ನೀಲಿ ಕೋಟನ್ನು ಕಂಕುಳಲ್ಲಿ ಅವುಚಿಕೊಂಡು ಅಂಗಡಿಗೆ ಬಂದಳು. ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಿರಲು ಕೊಡುವ ಮಾತ್ರೆಗಳಿಂದ ಅವಳ ಮುಖ ತುಂಬಿ ಗುಂಡಗಾಗಿತ್ತು, ಗದ್ದದ ಕೆಳಗೆ ಇನ್ನೊಂದು ಗದ್ದ ಬಂದಿತ್ತು. ಹಾಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು.

"ಹತ್ತಲ್ಲ ಅಕ್ಕಾ," ಎಂದು ಕೋಟನ್ನು ಮೇಜಿನ ಮೇಲೆ ಹಾಕಿದಳು. "ಊಟ ಮಾಡಿ ಕೈ ತೊಳೆಯೋ ಹೊತ್ತಿಗೆ ಮತ್ತೆ ಹಸಿವು. ನಾನು ಇಷ್ಟು ವರ್ಷ ತಿಂದಿದ್ದೆಲ್ಲ ಎಲ್ಲಿ ಹೋಗ್ತಿತ್ತೋ, ಈಗ ಒಂದು ತುತ್ತೂ ಹೊರಗೆ ಹೋಗಲ್ಲ ಅಂತ ಒಳಗೇ ಕೂತಿದೆ. ಇವರು ಹೇಳ್ತಾರೆ, ಒಳಗೆ ಹೋಗೋದು ಕಡಿಮೆ ಮಾಡು, ಅದು ಲೆಕ್ಕ ಅಂತ."

"ನೀನೇನಂದೆ?"

"ನಿಮ್ಮ ಲಿಫ್ಟಿಗೆ ಹೋಗಿ ಹೇಳಿ, ಅದು ಕೇಳುತ್ತೆ ಅಂದೆ."

ಕಾಜಾದವಳು ಯಂತ್ರ ನಿಲ್ಲಿಸಿ ನಕ್ಕಳು. ಟೈಲರಮ್ಮ ಕೋಟನ್ನು ಒಳಮಗ್ಗುಲು ತಿರುಗಿಸಿದಳು. ಹೊಲಿಗೆಯ ಪಕ್ಕ ಅವಳೇ ಹಿಂದೆ ಕತ್ತರಿ ಹಾಕಿದ ಅಂಚಿತ್ತು. ಬಿಚ್ಚಿ ಸಡಿಲ ಮಾಡಲು ಒಂದು ದಾರದಷ್ಟೂ ಬಟ್ಟೆ ಇರಲಿಲ್ಲ.

"ಬಿಸಾಕು ಅಂದಿದ್ದು ನಾನೇ," ಎಂದಳು ಕಡ್ಡಿ.

ಟೈಲರಮ್ಮ ಗೂಟದಿಂದ ತನ್ನ ಕೋಟನ್ನು ಇಳಿಸಿದಳು. ಇಳಿದ ತೂಕದಲ್ಲಿ ಅರ್ಧದಷ್ಟು ಅವಳಿಗೆ ಮರಳಿ ಬಂದಿತ್ತು. ಡಯಟ್ ಮೇಡಂ, ಅರ್ಧ ಉಳಿಸ್ಕೊಂಡಿದ್ದೀರಲ್ಲ, ಅದೇ ದೊಡ್ಡದು, ನಡಿಗೆ ಮಾತ್ರ ಬಿಡಬೇಡಿ ಎಂದಿದ್ದಳು. ಬಿಗಿ ಮಾಡಿದ್ದನ್ನು ಅವಳು ಆಗಲೇ ಬಿಚ್ಚಿಕೊಂಡಾಗಿತ್ತು. ಈಗ ಒಳಗೆ ಉಳಿದದ್ದು ಅಪ್ಪ ಬಿಟ್ಟ ಮೂರು ಬೆರಳು ಮಾತ್ರ. ಅವಳು ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿ ಎತ್ತಿಕೊಂಡಳು.

"ಏ, ಏನ್ಮಾಡ್ತಿದ್ದೀಯ? ಮುಂದೆ ನಿಂಗೇ ಬೇಕಾದ್ರೆ?"

"ಗುಂಡಿ ಹಾಕಲ್ಲ, ಅಷ್ಟೇ."

ಕತ್ತರಿ ದಪ್ಪ ಬಟ್ಟೆಯ ಮೇಲೆ ಕರ್ ಎಂದು ಹೋಯಿತು. ತೆಗೆದ ಪಟ್ಟಿಯನ್ನು ಅವಳು ಕಡ್ಡಿಯ ಕೋಟಿನ ಪಕ್ಕ ಹಿಡಿದು ನೋಡಿದಳು. ಇಷ್ಟು ವರ್ಷ ಒಳಗೇ ಇದ್ದ ಬಟ್ಟೆ ಬಿಸಿಲು ಕಂಡಿರಲಿಲ್ಲ. ಕೋಟು ಮಾಸಿತ್ತು, ಪಟ್ಟಿ ಅಪ್ಪ ಥಾನು ಬಿಚ್ಚಿದ ದಿನದಷ್ಟೇ ಗಾಢ ನೀಲಿ.

"ಎದ್ದು ಕಾಣುತ್ತೆ," ಎಂದಳು ಕಡ್ಡಿ.

"ಕಾಣ್ಲಿ. ಕೈ ಎತ್ತು," ಎಂದಳು ಟೈಲರಮ್ಮ, ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು. ಕಡ್ಡಿ ಕೈ ಎತ್ತಿದಳು. ಪಕ್ಕದ ಬೇಕರಿಯಲ್ಲಿ ಬನ್ನು ಒಲೆಯಿಂದ ಇಳಿಯಿತು. ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ನೋಡಿದರು. ಮುಚ್ಚಲು ಕಾಜಾದವಳು ಎದ್ದಳು.